ಕೊಡವಿಲ್ಲದ ಹೆಂಗಸು

ಯುದ್ಧದ ಕಾಲ, ಕಾಗದಕ್ಕೆ ತತ್ವಾರ. ಸೂಳೆಕೆರೆ ದಂಡೆಯ ಆ ಊರ ಶಾಲೆಯ ಮಕ್ಕಳು ಹಳೆಯ ಲಗ್ನಪತ್ರಿಕೆಗಳ ಬೆನ್ನ ಮೇಲೆ ಚಿತ್ರ ಬರೆದಿದ್ದರು. ಮೇಷ್ಟ್ರು ಅವನ್ನೆಲ್ಲ ಜಾಲಿಮುಳ್ಳು ಚುಚ್ಚಿ ಹಗ್ಗಕ್ಕೆ ತೂಗುಹಾಕಿ, ಬಂದು ನೋಡಿ ಎಂದು ಡಂಗುರ ಹೊಡೆಸಿದ್ದರು. ಮೊಮ್ಮಗಳು ಬಂಗಾರಿಯ ಚಿತ್ರ ನೋಡುವ ಆಸೆಗೆ ಭೀಮಕ್ಕ ಸಂತೇಬೆನ್ನೂರಿನಿಂದ ಗಾಡಿ ಹತ್ತಿ ಬಂದಿದ್ದಳು.

ಬಂಗಾರಿಯ ತಾಯಿ ಲಕ್ಷ್ಮಮ್ಮ ಭೀಮಕ್ಕನ ಹಿರಿಮಗಳು. ಹೋದ ಬೇಸಿಗೆಯಲ್ಲಿ ಕೆರೆಗೆ ನೀರಿಗೆ ಹೋದವಳು ಕಾಲುಜಾರಿ ಬಿದ್ದು ಸತ್ತಳೆಂದು ಅಳಿಯ ಗೋಣೆಪ್ಪ ಹೇಳಿದ್ದ. ಹೆಣದ ಬೆರಳಲ್ಲಿ ಕಾಲುಂಗುರ ಇರಲಿಲ್ಲ. ಕೆಸರಲ್ಲಿ ಕಳಚಿಹೋಗಿವೆ ಎಂದ. ಭೀಮಕ್ಕ ಅದನ್ನೂ ನಂಬಿದಳು. ತಾಯಿಲ್ಲದ ಕೂಸಿಗೆ ಚಿಕ್ಕವ್ವನೇ ತಾಯಿಯಾಗಲಿ ಎಂದು ನಾಲ್ಕು ಜನ ನ್ಯಾಯ ಹೇಳಿದರು. ಆ ಕಡೆಯ ರೂಢಿಯೂ ಅದೇ. ಕಾರ್ತೀಕದಲ್ಲಿ ಕಿರಿಮಗಳು ಚೌಡಕ್ಕನನ್ನೂ ಅದೇ ಗೋಣೆಪ್ಪನಿಗೆ ಕೊಟ್ಟಿದ್ದಾಗಿತ್ತು. ನ್ಯಾಯ ಹೇಳಿದ ನಾಲ್ವರೂ ಹೋಳಿಗೆ ಉಂಡು ಹೋದರು.

ಹಗ್ಗದ ಮೇಲೆ ಮೊದಲು ಸಿಕ್ಕಿದ್ದು ಐದು ಕಾಲಿನ ಎತ್ತು. ಭೀಮಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗುತ್ತಲೇ ಬಂಗಾರಿಯ ಚಿತ್ರದ ಮುಂದೆ ನಿಂತಳು.

ಕೆರೆಗೆ ಹೋಗುವ ಹೆಂಗಸರ ಸಾಲು. ಎಲ್ಲರ ತಲೆಯ ಮೇಲೂ ಕೊಡ, ಎಲ್ಲರ ಬೆರಳಿಗೂ ಪುಟ್ಟ ಸುತ್ತಿನ ಕಾಲುಂಗುರ. ಕೊನೆಯವಳಿಗೆ ಮಾತ್ರ ಎರಡೂ ಇರಲಿಲ್ಲ. ಅವಳ ಹಿಂದೆ ಒಂದು ಮನೆ, ಜಗಲಿಯ ಮೇಲೆ ಬೋರಲು ಹಾಕಿದ ಕೊಡ, ಬಾಗಿಲಲ್ಲಿ ಕೈಕಟ್ಟಿ ನಿಂತ ಗಂಡಸು. ಕೊನೆಯವಳ ಪಾದಗಳ ಸುತ್ತ ಮೇಷ್ಟ್ರ ಕೆಂಪು ಪೆನ್ಸಿಲು ಗೀಟೆಳೆದಿತ್ತು.

"ಕೈ ಚೆನ್ನಾಗೈತೆ ಕಣಮ್ಮ, ಗಮನ ಸಾಲದು," ಎಂದರು ಮೇಷ್ಟ್ರು. "ಕೊಡ ಮರ್ತವಳೆ, ಕಾಲುಂಗುರನೂ ಮರ್ತವಳೆ. ಅದಕ್ಕೇ ಎರಡು ಮಾರ್ಕು ಕಡಿಮೆ."

ಮೇಷ್ಟ್ರಿಗೆ ಓದಲು ಬರುತ್ತಿದ್ದುದು ಅಕ್ಷರ ಮಾತ್ರ. ಭೀಮಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ, ಚಿತ್ರ ಅರ್ಥವಾಯಿತು. ಮೊಮ್ಮಗಳನ್ನು ಬೇವಿನ ಮರದಡಿಗೆ ಕರೆದೊಯ್ದು ಕೂರಿಸಿಕೊಂಡಳು.

"ನಾನೇನ್ ಮರ್ತಿಲ್ಲಜ್ಜಿ," ಎಂದಳು ಬಂಗಾರಿ. "ಅವ್ವ ಕೊಡ ತಗಂಡೇ ಹೋಗ್ಲಿಲ್ಲ. ಕಾಲುಂಗುರ ಬಿಚ್ಚಿ ನನ್ ಲಂಗದ ತುದಿಗೆ ಕಟ್ಟಿದ್ಲು. ಆಮ್ಯಾಕೆ ಅಪ್ಪ ಕಿತ್ಕಂಡ."

"ನಿಮ್ಮಪ್ಪ ಆಗ ಎಲ್ಲಿದ್ದ?"

"ಬಾಗ್ಲಾಗೆ. ಬಡದು ಬಡದು ಸಾಕಾಗಿ, ಹೋಗು, ಹೋಗಿ ಕೆರೆಗೆ ಬೀಳು ಅಂದ."

"ನಂಗ್ಯಾಕೆ ಹೇಳ್ಲಿಲ್ಲ ಮಗಾ?"

"ಬಾಯಿ ಬಿಟ್ರೆ ನಿನ್ನೂ ಅಲ್ಲಿಗೇ ಕಳಿಸ್ತೀನಿ ಅಂದವನೆ." ಹುಡುಗಿ ದನಿ ತಗ್ಗಿಸಿದಳು. "ಬರೀಬ್ಯಾಡ ಅಂತ ಅಂದಿಲ್ಲ."

ಭೀಮಕ್ಕನಿಗೆ ಅಳು ಬರಲಿಲ್ಲ. ಸತ್ತವಳಿಗಿಂತ ಬದುಕಿರುವವಳ ನೆನಪೇ ಮೊದಲು ಬಂತು. ಮೂರು ತಿಂಗಳಿಂದ ಚೌಡಕ್ಕ ಅದೇ ಬಾಗಿಲೊಳಗಿದ್ದಾಳೆ. ತಾನೇ ಅವಳ ಕೈಹಿಡಿದು ತಂದು ಬಿಟ್ಟಿದ್ದಳು. ಮೊಮ್ಮಗಳನ್ನು ಎಳೆದುಕೊಂಡು ಗೋಣೆಪ್ಪನ ಮನೆಯ ಕಡೆ ಬಿರಬಿರನೆ ನಡೆದಳು. ಮಗಳು ಯಾಕವ್ವ ಎಂದು ಕೇಳಿದರೆ ಏನು ಹೇಳಲಿ, ಅಕ್ಕನ ಸಾವನ್ನು ಹೆಂಗೆ ಬಿಡಿಸಿ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಳು.

ಗೋಣೆಪ್ಪ ಗದ್ದೆಗೆ ಹೋಗಿದ್ದ. ಚೌಡಕ್ಕ ಬೀಸುವ ಕಲ್ಲಿನ ಮುಂದೆ ಕೂತಿದ್ದಳು.

"ಏಳು ಚೌಡಿ, ಮನೆಗೆ ಹೋಗಾನ."

ಚೌಡಕ್ಕ ತಾಯಿಯ ಮುಖ ನೋಡಿದಳು. ಯಾಕೆ ಎಂದು ಕೇಳಲಿಲ್ಲ. ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಎದ್ದು, ರಾಗಿ ಗುಡಾಣದ ಹಿಂದಿನಿಂದ ಒಂದು ಬಟ್ಟೆಗಂಟು ಎಳೆದಳು. ಗಂಟು ಆಗಲೇ ಕಟ್ಟಿತ್ತು, ಅದರ ಮೇಲೆ ತಿಂಗಳ ಧೂಳು ಕೂತಿತ್ತು.