ಬಿದ್ದ ಮರವನ್ನು ಎತ್ತಿ ನಿಲ್ಲಿಸಿದ ದಿನ

ಬಿದ್ದದ್ದನ್ನು ಕಂಡರೆ ಎತ್ತಿ ನಿಲ್ಲಿಸದೆ ಮುಂದೆ ಹೋಗುವ ಹೆಂಗಸು ನಾನಲ್ಲ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಮಕ್ಕಳು ಬೀಳಿಸಿದ ಟೋಪಿ, ಕೈಗವಸು, ಕೆಲವೊಮ್ಮೆ ಮಕ್ಕಳನ್ನೇ ಎತ್ತಿ ಎತ್ತಿ ಕೈಗೆ ಅದೇ ಅಭ್ಯಾಸವಾಗಿದೆ. ಆ ವರ್ಷ ಫೆಬ್ರವರಿ ಹದಿನಾಲ್ಕರಂದು ನಾನು ಎತ್ತಿದ್ದು ಒಂದು ಮರ. ಅದನ್ನು ಬಿದ್ದಲ್ಲೇ ಬಿಟ್ಟಿದ್ದರೆ ನನಗೆ ಇವತ್ತಿಗೂ ನೆಮ್ಮದಿಯ ನಿದ್ದೆ ಬರುತ್ತಿತ್ತು.

ಚಳಿಗಾಲದಲ್ಲಿ ಅಮೆರಿಕದ ಉತ್ತರದಂಚಿನ ಸುಪೀರಿಯರ್ ಸರೋವರ ಹೆಪ್ಪುಗಟ್ಟಿದ ಮೇಲೆ ನಮ್ಮೂರಿನಿಂದ ಎದುರಿನ ದ್ವೀಪಕ್ಕೆ ದೋಣಿ ನಿಂತುಹೋಗುತ್ತದೆ, ಕಾರುಗಳು ಮಂಜುಗಡ್ಡೆಯ ಮೇಲೇ ಓಡಾಡುತ್ತವೆ. ಕ್ರಿಸ್‌ಮಸ್ ಮುಗಿದ ಮೇಲೆ ಊರವರೆಲ್ಲ ಮನೆಯೊಳಗೆ ಸಿಂಗರಿಸಿದ್ದ ಮರಗಳನ್ನು ತಂದು ದಡದಲ್ಲಿ ಒಟ್ಟುತ್ತಾರೆ. ರಸ್ತೆಯವರು ಅವನ್ನು ಮಂಜಿನಲ್ಲಿ ತೂತು ಕೊರೆದು ಉದ್ದಕ್ಕೂ ನೆಡುತ್ತಾರೆ. ಮರ ನಿಂತ ಕಡೆ ದಾರಿ, ಇಲ್ಲದ ಕಡೆ ನೀರು. ಗಾಳಿಗೆ ಮರ ಬಿದ್ದಿದ್ದರೆ ಮೊದಲು ಕಂಡವರು ಕಾರು ನಿಲ್ಲಿಸಿ ಎತ್ತಿ ನೆಡಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ನಮ್ಮ ಕಡೆಯ ಮರ್ಯಾದೆ ಅದು. ಇನ್ನೊಂದು ಪದ್ಧತಿಯೂ ಇದೆ. ಮಂಜಿನ ಮೇಲೆ ಹೋಗುವಾಗ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿಯ ಗಾಜು ಪೂರ್ತಿ ಇಳಿಸುತ್ತೇವೆ. ಏಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ದ್ವೀಪದಲ್ಲಿ ಮಾರ್ಲಿಸ್ ಇದ್ದಾಳೆ. ಅಲ್ಲಿನ ಗ್ರಂಥಾಲಯ ನೋಡಿಕೊಂಡು ನಿವೃತ್ತಳಾದವಳು, ಮದುವೆಯ ಗೋಜಿಗೇ ಹೋಗದವಳು. ನಾನು ಮರ ಎತ್ತಿದ ವರ್ಷಕ್ಕೆ ಎಂಟು ವರ್ಷದ ಹಿಂದೆ ಪ್ರೇಮಿಗಳ ದಿನದಂದು ನಾವು ಮೂವರು ಗೆಳತಿಯರು ಊರಿನ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ಜೋಡಿಗಳಿಗೆಲ್ಲ ಕಿಟಕಿ ಪಕ್ಕದ ಮೇಜು, ನಮಗೆ ಶೌಚಾಲಯದ ಬಾಗಿಲ ಪಕ್ಕದ್ದು. ಮಾರ್ಲಿಸ್ ತಟ್ಟೆ ಸರಿಸಿ ಎದ್ದಳು.

"ಏಳ್ರೇ. ಮುಂದಿನ ವರ್ಷದಿಂದ ನಮ್ಮನೇಲಿ. ಯಾವನ್ಗೂ ಕಾಯೋದು ಬೇಡ."

ಅಂದಿನಿಂದ ಅವಳ ಮನೆಯಲ್ಲೇ ನಮ್ಮ ಹಬ್ಬ. ಪ್ರತಿಯೊಬ್ಬಳೂ ತನಗೆ ತಾನೇ ಒಂದು ಉಡುಗೊರೆ ಕೊಂಡು, ಕಾಗದ ಸುತ್ತಿ, ಕೊಟ್ಟವಳು ಪಡೆದವಳು ಎರಡೂ ಕಡೆ ತನ್ನದೇ ಹೆಸರು ಬರೆದು ತರಬೇಕು. ಊಟವಾದ ಮೇಲೆ ಎಲ್ಲರ ಮುಂದೆ ಬಿಚ್ಚಿ, ಇದು ನನಗೆ ಯಾಕೆ ಸಲ್ಲಬೇಕು ಅಂತ ಗಟ್ಟಿಯಾಗಿ ಹೇಳಬೇಕು. ಉಳಿದಿಬ್ಬರು ಚಪ್ಪಾಳೆ ಹೊಡೆಯಬೇಕು. ಗಂಡಸಿನ ಹೆಸರು ಎತ್ತಿದವಳು ಕಡವೆ ಕೊಂಬಿನ ಟೋಪಿ ಹಾಕಿಕೊಂಡು ಪಾತ್ರೆ ತೊಳೆಯಬೇಕು. ಮೊದಲ ವರ್ಷ ನಾಚಿಕೆಯಿಂದ ಸತ್ತೇಹೋಗಿದ್ದೆ. ಬಿಟ್ಟುಹೋದ ಗಂಡನ ಮೇಲಿನ ಸಿಟ್ಟು ಕರಗಿದ್ದು ಮಾತ್ರ ಆ ಮೇಜಿನ ಮುಂದೆಯೇ.

ಅಲ್ಲಿಯವರೆಗಿನ ಏಳು ವರ್ಷವೂ ಟೋಪಿ ಹಾಕಿಕೊಂಡವಳು ಒಬ್ಬಳೇ, ಕೊರಿನ್. ನಮ್ಮಲ್ಲಿ ಕಿರಿಯಳು, ಊರಿನ ಔಷಧಿ ಅಂಗಡಿಯಲ್ಲಿ ಕೆಲಸ. ಹೆಂಡತಿಯನ್ನು ಇವತ್ತು ಬಿಡುತ್ತೇನೆ ನಾಳೆ ಬಿಡುತ್ತೇನೆ ಎನ್ನುವ ಒಬ್ಬನ ಬಾಲ ಹಿಡಿದುಕೊಂಡಿದ್ದಳು. ನಮ್ಮ ಹಬ್ಬದ ದಿನವೂ ತಟ್ಟೆಯ ಪಕ್ಕ ಫೋನು ಅಂಗಾತ ಮಲಗಿರುತ್ತಿತ್ತು. ಆ ಸಲದ ಹಬ್ಬಕ್ಕೆ ಮುಂಚಿನ ಅಕ್ಟೋಬರಿನಲ್ಲಿ ಅವನನ್ನು ಬಿಟ್ಟಳು. ಬಿಟ್ಟಳೋ ಬಿಡಿಸಿದೆನೋ, ನನ್ನ ಬಾಯಿಯೂ ಸುಮ್ಮನಿರಲಿಲ್ಲ.

ಹಬ್ಬದ ಹಿಂದಿನ ವಾರ ಅವಳ ಅಂಗಡಿಗೆ ಹೋಗಿ ಹೇಳಿದೆ. "ಈ ಸಲ ಫೋನು ಮನೇಲೇ ಬಿಟ್ಟು ಬರ್ಬೇಕು. ನಾನೂ ಬಿಡ್ತೀನಿ. ಇನ್ನೊಂದು, ನಾನು ಮಧ್ಯಾಹ್ನವೇ ಹೋಗ್ತೀನಿ. ನೀನು ನಿನ್ನ ಕಾರಲ್ಲಿ ಬಾ."

"ಅಯ್ಯೋ, ನಿನ್ನ ಜೊತೇಲೇ ಬರ್ತೀನಿ ವರ್ನಾ. ಒಬ್ಬಳೇ ಆ ಮಂಜಿನ ಮೇಲೆ ಅಂದ್ರೆ ಜೀವ ಬಾಯಿಗೆ ಬರತ್ತೆ."

"ನಲವತ್ತೊಂದು ವರ್ಷ ಆಯ್ತು ನಿಂಗೆ. ಇನ್ನೊಬ್ಬರ ಪಕ್ಕದ ಸೀಟಲ್ಲಿ ಎಷ್ಟು ದಿನ ಕೂತಿರ್ತೀಯ? ಮರ ನಿಂತಿದ್ದ ಕಡೆ ದಾರಿ, ಅಷ್ಟೇ ಕಣೇ. ನನ್ನ ನಂಬು."

ಅವಳು ಮಾತ್ರೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿದಳು. "ಸರಿ ಬಿಡು. ಈ ಸಲ ಉಡುಗೊರೆ ಒಂದು ಮನಸ್ಸಲ್ಲಿದೆ. ನೋಡಿದ್ರೆ ನಗ್ತೀರ ನೀವಿಬ್ರೂ" ಎಂದಳು.

ಹದಿನಾಲ್ಕರ ಹಿಂದಿನ ರಾತ್ರಿ ಗಾಳಿ ಜೋರಾಗಿತ್ತು. ಮಧ್ಯಾಹ್ನ ನಾನು ಸರೋವರಕ್ಕೆ ಇಳಿದಾಗ ದಾರಿಯಲ್ಲಿ ಎರಡು ಮರ ಬಿದ್ದಿದ್ದವು, ಎರಡನ್ನೂ ನೆಟ್ಟೆ. ಆ ವಾರದ ನಡುವೆ ಎರಡು ದಿನ ಬಿಸಿಲೇರಿ, ಆಮೇಲೆ ಮತ್ತೆ ಚಳಿ ಹಿಡಿದಿತ್ತು. ಅಡಿಯಲ್ಲಿ ಮಂಜು ಗುಡುಗುತ್ತಿತ್ತು. ಮಂಜು ಮಾತಾಡುವುದು ಒಳ್ಳೆಯದೇ, ಗಟ್ಟಿಯಾಗುತ್ತಿದೆ ಎಂದರ್ಥ ಎನ್ನುತ್ತಾರೆ ಹಳಬರು. ಆದರೆ ಅವತ್ತಿನ ಸದ್ದು ನನಗೆ ಹಿಡಿಸಲಿಲ್ಲ. ದೂರದಲ್ಲಿ ಶುರುವಾಗಿ, ನನ್ನ ಕಾರಿನ ಅಡಿಗೇ ಬಂದು, ತಟ್ಟನೆ ನಿಲ್ಲುತ್ತಿತ್ತು.

ಮುಖ್ಯ ದಾರಿಯ ಮುಕ್ಕಾಲು ಭಾಗ ದಾಟಿದ ಮೇಲೆ ಮಾರ್ಲಿಸ್ ಮನೆಯ ಕೊಲ್ಲಿಗೆ ಒಂದು ಅಡ್ಡದಾರಿ ಒಡೆಯುತ್ತದೆ. ಪ್ರತಿ ವರ್ಷ ಅವಳೇ ಮಂಜು ಕೊರೆದು ದಪ್ಪ ಅಳೆದು, ತನ್ನ ಮನೆಯ ಕ್ರಿಸ್‌ಮಸ್ ಮರವನ್ನು ಬೆಳ್ಳಿ ಎಳೆಗಳ ಸಮೇತ ಆ ತಿರುವಿನಲ್ಲಿ ನೆಡುತ್ತಾಳೆ. ಆ ಮರ ನೆಲಕ್ಕೆ ಬಿದ್ದಿತ್ತು. ಅಡ್ಡದಾರಿಗೆ ಅಡ್ಡವಾಗಿ ಬಿದ್ದಿತ್ತು ಅನ್ನುವುದು ಈಗ ನೆನಪಾಗುತ್ತದೆ, ಆಗ ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಮೂರನೆಯದೂ ಬಿತ್ತಲ್ಲ ಎಂದುಕೊಂಡು ಇಳಿದು, ಎತ್ತಿ ಹಳೆಯ ತೂತಿಗೇ ಇಳಿಸಿದೆ. ಬುಡಕ್ಕೆ ಹಿಮ ತುಳಿದೆ. ಅದು ಹೆಪ್ಪುಗಟ್ಟಿ ಕಚ್ಚಿಕೊಳ್ಳಲೆಂದು ಫ್ಲಾಸ್ಕಿನಲ್ಲಿ ಉಳಿದಿದ್ದ ತಣ್ಣಗಿನ ಕಾಫಿಯನ್ನು ಸುರಿದೆ. ಹಾಗೆ ಕಾಫಿ ಸುರಿಯುವವಳು ನಮ್ಮೂರಲ್ಲಿ ನಾನೊಬ್ಬಳೇ. ನೀರು ಒಯ್ಯಲು ನೆನಪಿರುವುದಿಲ್ಲ, ಕಾಫಿ ಮರೆತ ದಿನವಿಲ್ಲ. ಅದಕ್ಕೆ ಗೆಳತಿಯರಿಬ್ಬರೂ ನನ್ನನ್ನು ಆಡಿಕೊಳ್ಳುತ್ತಾರೆ.

ಆ ಅಡ್ಡದಾರಿಯಲ್ಲಿ ನಾನು ಹೋಗಲಿಲ್ಲ. ದ್ವೀಪದ ಅಂಗಡಿಯಿಂದ ಕೆನೆ ತರಬೇಕಿತ್ತು. ಮುಖ್ಯ ದಾರಿಯಲ್ಲೇ ದಡ ಸೇರಿ, ಕೆನೆ ಕೊಂಡು, ನೆಲದ ರಸ್ತೆಯಲ್ಲಿ ಸುತ್ತಿ ಬಂದೆ. ಒಂದು ಡಬ್ಬಿ ಕೆನೆ ನನ್ನನ್ನು ಉಳಿಸಿತು.

ಮಾರ್ಲಿಸ್ ಒಲೆಯ ಮುಂದೆ ಮೀನಿನ ಸಾರು ಕಲಕುತ್ತಿದ್ದಳು. ನಾನು ಕೋಟು ಬಿಚ್ಚಿ, ಆಲೂಗಡ್ಡೆ ಹೆಚ್ಚಿಕೊಟ್ಟು, ಮೇಜಿಗೆ ಬಟ್ಟೆ ಹಾಸಿದೆ. ಹರಟೆಯಲ್ಲಿ ಗಂಟೆ ನಾಲ್ಕಾಗುತ್ತ ಬಂತು. ಆಗ ಅವಳು ಕಿಟಕಿಯಾಚೆ ನೋಡುತ್ತ, ಉಪ್ಪು ಸಾಕೇನೇ ಎಂದು ಕೇಳುವ ದನಿಯಲ್ಲೇ ಕೇಳಿದಳು.

"ಸುತ್ತಿ ಬಂದ್ಯಲ್ಲ, ಒಳ್ಳೇದಾಯ್ತು. ನನ್ನ ಮರ ನೋಡಿದ್ಯಾ?"

"ನೋಡ್ದೆ. ಯಾಕೆ?"

"ಬೆಳಿಗ್ಗೆ ಅಡ್ಡದಾರೀಲಿ ಹಳ್ಳ ಬಂದು ಸೇರೋ ಕಡೆ ಕೊರೆದು ನೋಡ್ದೆ. ನಾಲ್ಕು ಬೆರಳು ದಪ್ಪ ಇಲ್ಲ ಕಣೇ, ಅಡಿಯಿಂದ ಹರಿವು ತಿಂದುಹಾಕಿದೆ. ಮರ ಎಳ್ಕೊಂಡು ಬರೋಕೆ ಸೊಂಟ ಬಿಡ್ಲಿಲ್ಲ. ಒದ್ದು ಕೆಡವಿ ದಾರಿಗೆ ಅಡ್ಡ ಹಾಕಿ ಬಂದೆ. ಮನೆಗೆ ಬರೋ ಹೊತ್ತಿಗೆ ಮಧ್ಯಾಹ್ನ ಆಗಿತ್ತು, ನಿಮ್ಮಿಬ್ರಿಗೂ ಫೋನ್ ಮಾಡ್ದೆ, ಯಾರೂ ಎತ್ಲಿಲ್ಲ. ಹೋಗ್ಲಿ ಬಿಡು, ಮರ ಮಲಗಿರೋದು ನೋಡಿದ್ರೆ ಯಾರಿಗಾದ್ರೂ ಗೊತ್ತಾಗತ್ತಲ್ಲ ಅಂದ್ಕೊಂಡೆ."

ಕೈಯಲ್ಲಿದ್ದ ಚಮಚ ಕೆಳಗಿಟ್ಟೆ. ನನ್ನ ಫೋನು ಮನೆಯ ಅಡುಗೆಮನೆಯಲ್ಲಿತ್ತು. ಕೊರಿನ್‌ಳದು ಅವಳ ಮನೆಯ ಡ್ರಾಯರಿನಲ್ಲಿ, ನಾನು ಹೇಳಿದ ಹಾಗೆಯೇ. ನಾನೇ ಎತ್ತಿ ನಿಲ್ಲಿಸಿದೆ ಎಂದು ಹೇಳಲಿಲ್ಲ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ. "ಮರ ನಿಂತಿದೆ ಮಾರ್ಲಿಸ್" ಎಂದಷ್ಟೇ ಹೇಳಿದೆ.

ಅವಳು ಒಲೆ ಆರಿಸಿ ಔಷಧಿ ಅಂಗಡಿಗೆ ಫೋನು ಮಾಡಿದಳು. ಆಚೆ ಕಡೆಯವರ ಮಾತು ನನಗೂ ಕೇಳಿಸಿತು. ಕೊರಿನ್ ಹೊರಟು ಆಗಲೇ ಅರ್ಧ ಗಂಟೆಯಾಯಿತಂತೆ. ಹಾಡು ಗುನುಗುತ್ತಿದ್ದಳಂತೆ. ಇಷ್ಟು ಖುಷಿಯಾಗಿ ಅವಳನ್ನು ನೋಡಿಯೇ ಇರಲಿಲ್ಲವಂತೆ.

ಮಾರ್ಲಿಸ್ ದ್ವೀಪದ ಅಗ್ನಿಶಾಮಕದವರಿಗೆ ಫೋನು ತಿರುಗಿಸುವಷ್ಟರಲ್ಲಿ ನಾನು ಸೋಫಾದ ಮೇಲಿನ ಕೆಂಪು ಕೌದಿ ಎಳೆದುಕೊಂಡು ದಡಕ್ಕೆ ಓಡಿದ್ದೆ. ತೆಳ್ಳಗೆ ಹಿಮ ಬೀಳತೊಡಗಿತ್ತು. ಎದುರಿಗೆ ಬಿಳುಪು ಬಿಟ್ಟರೆ ಏನೂ ಇಲ್ಲ. ಮಂಜಿನ ಗುಡುಗೂ ನಿಂತುಹೋಗಿತ್ತು, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಮೇಲೆ ಎರಡು ದೀಪ ಕಂಡವು. ಮುಖ್ಯ ದಾರಿಯಲ್ಲಿ ನಿಧಾನವಾಗಿ, ಎಷ್ಟು ನಿಧಾನವಾಗಿ ಎಂದರೆ ಒಳಗೆ ಹೆದರಿಕೊಂಡವಳು ಯಾರೆಂದು ಇಲ್ಲಿಂದಲೇ ಹೇಳಬಹುದಿತ್ತು. ತಿರುವಿನ ಬಳಿ ದೀಪಗಳು ನಿಂತವು. ಮುಂದೆ ಹೋಗು, ನೆಟ್ಟಗೆ ಮುಂದೆ ಹೋಗು ತಾಯಿ ಎಂದು ನಾನು ಕೌದಿಯನ್ನು ತಲೆಯ ಮೇಲೆತ್ತಿ ಬೀಸಿದೆ, ಕೂಗಿದೆ, ಮತ್ತೆ ಬೀಸಿದೆ.

ಅವಳು ನನ್ನನ್ನು ಕಂಡಳು. ದೀಪವನ್ನು ಎರಡು ಸಲ ಆರಿಸಿ ಹೊತ್ತಿಸಿದಳು. ಬರಮಾಡಿಕೊಳ್ಳಲು ಬಂದು ನಿಂತಿದ್ದೇನೆ ಎಂದುಕೊಂಡಿದ್ದಳು.

ದೀಪಗಳು ನಮ್ಮತ್ತ ತಿರುಗಿದವು. "ಬೇಡ್ವೇ! ಬರ್ಬೇಡ್ವೇ!" ಎಂದು ಕಿರುಚುತ್ತಲೇ ಇದ್ದೆ, ಗಾಳಿ ನನ್ನ ಮಾತನ್ನು ನನ್ನ ಬಾಯಿಗೇ ತುರುಕುತ್ತಿತ್ತು. ಅರ್ಧ ದಾರಿ ಬಂದಳು. ಇನ್ನೂ ಸ್ವಲ್ಪ ಬಂದಳು. ಒಂದು ದೀಪ ಕೆಳಗೆ ಬಾಗಿತು, ಇನ್ನೊಂದೂ ಬಾಗಿತು. ಎರಡೂ ನೀರಿನಡಿಯಿಂದ ಕ್ಷಣಕಾಲ ಹಸಿರಾಗಿ ಉರಿದವು. ಸದ್ದು ಆಮೇಲೆ ಬಂತು, ದೊಡ್ಡದೇನಲ್ಲ, ಮನೆಯೊಳಗೆ ಯಾರೋ ಕಪಾಟು ಮುಚ್ಚಿದಷ್ಟೇ.

ಅಷ್ಟರಲ್ಲಿ ಮಾರ್ಲಿಸ್ ಮೀನು ಹಿಡಿಯುವ ತಗಡಿನ ದೋಣಿಯನ್ನು ದೂಡಿಕೊಂಡು ಬಂದಿದ್ದಳು. ಸೊಂಟ ನೋವಿನ ಅರವತ್ತೆಂಟರ ಮುದುಕಿ! ಇಬ್ಬರೂ ದೋಣಿಯ ಎರಡು ಅಂಚು ಹಿಡಿದು ಮಂಜಿನ ಮೇಲೆ ದೂಡಿದೆವು, ಒಡೆದರೆ ಒಳಗೆ ಹಾರಿಕೊಳ್ಳಬಹುದೆಂದು. ಕಾಲಡಿಯಲ್ಲಿ ಮಂಜು ಕಪ್ಪಾಗುತ್ತ ಬಂತು. ನಾನು ಕೊರಿನ್ ಕೊರಿನ್ ಎಂದು ಕೂಗುತ್ತಿದ್ದೆ.

ಉತ್ತರದ ಬದಲು ಒಂದು ಸದ್ದು ಕೇಳಿಸಿತು. ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್.

ಹೊಂಡದ ಅಂಚಿನಿಂದ ಎರಡಾಳು ಉದ್ದ ಈಚೆಗೆ ಅವಳು ಬೋರಲು ಮಲಗಿದ್ದಳು. ಎರಡು ಕೈಯಲ್ಲೂ ಕೆಂಪು ಹಿಡಿಯ ಮೊಳೆಗಳು. ಒಂದನ್ನು ಮಂಜಿಗೆ ಚುಚ್ಚಿ ಮೈ ಎಳೆದುಕೊಳ್ಳುವುದು, ಆಮೇಲೆ ಇನ್ನೊಂದನ್ನು ಚುಚ್ಚುವುದು. ಮೀನು ಹಿಡಿಯುವವರು ಕೊರಳಿಗೆ ಹಾಕಿಕೊಳ್ಳುವ ಮೊಳೆಗಳು ಅವು, ನೀರಿಗೆ ಬಿದ್ದರೆ ಚುಚ್ಚಿಕೊಂಡು ಮೇಲೆ ಬರಲು. ಕೂದಲು ಆಗಲೇ ಮಂಜಾಗಿತ್ತು. ನಾವು ಅವಳನ್ನು ದೋಣಿಗೆ ಎಳೆದು ಹಾಕಿಕೊಂಡಾಗಲೂ ಮುಷ್ಟಿ ಬಿಚ್ಚಲಿಲ್ಲ.

ಅಗ್ನಿಶಾಮಕದವರು ಬಂದು ನೋಡಿದರು. ಅವರ ನರ್ಸು ನಾಡಿ ಹಿಡಿದು, ಮೈ ಶಾಖ ಅಳೆದು, ಬೆಚ್ಚಗಿಡಿ, ಗಂಟೆಗೊಮ್ಮೆ ಬಂದು ನೋಡುತ್ತೇನೆ ಎಂದು ಹೇಳಿ ಹೋದಳು. ಕೊರಿನ್‌ಳನ್ನು ಒಲೆಯ ಪಕ್ಕ ಕೂರಿಸಿ ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ಹೊದಿಸಿದೆವು. ಹಲ್ಲು ಕಟಕಟ ಅನ್ನುವುದು ನಿಲ್ಲಲು ಬಹಳ ಹೊತ್ತಾಯಿತು. ನಿಂತ ಮೇಲೆ ಅವಳು ಮೊಳೆಗಳನ್ನು ಮೇಜಿನ ಮೇಲೆ, ತಟ್ಟೆಯ ಪಕ್ಕ ಇಟ್ಟಳು. ಹಿಂದೆಲ್ಲ ಫೋನು ಮಲಗಿರುತ್ತಿದ್ದ ಜಾಗ.

"ನನ್ನ ಉಡುಗೊರೆ" ಎಂದಳು. "ನಿಯಮ ಮುರಿದೆ ಕಣ್ರೇ. ದಡದಲ್ಲೇ ಬಿಚ್ಚಿ ಕೊರಳಿಗೆ ಹಾಕ್ಕೊಂಡೆ. ನಿಮ್ ಥರ ಶಾಲು ಸೋಪು ತಗೊಳ್ಳೋಣ ಅಂತಿದ್ದೆ. ಆಮೇಲೆ ಅನ್ನಿಸ್ತು, ನಂಗೆ ನಾನು ಬೇಕಾದವಳು ಅನ್ನೋದಾದ್ರೆ ಮೊದ್ಲು ಏನು ತಗೋಬೇಕು? ಯಾಕೆ ಸಲ್ಲಬೇಕು ಅಂತ ಹೇಳೋಕೆ ಒಂದು ಹಾಳೆ ಬರ್ಕೊಂಡಿದ್ದೆ. ಕಾರಲ್ಲೇ ಹೋಯ್ತು."

ಮಾರ್ಲಿಸ್ ಚಪ್ಪಾಳೆ ಹೊಡೆಯಲು ಕೈ ಎತ್ತಿದಳು. ಸದ್ದು ಬರಲಿಲ್ಲ, ಮುಖ ಮುಚ್ಚಿಕೊಂಡು ಅತ್ತಳು. "ನಾನು ಕೆಡವಿದ್ದೆ ಕಣೇ ಅದನ್ನ. ಆಣೆ ಮಾಡಿ ಹೇಳ್ತೀನಿ, ಕೆಡವಿದ್ದೆ. ಯಾವ ಪಾಪಿ ಎತ್ತಿ ನಿಲ್ಲಿಸಿದ್ನೋ!"

ಇನ್ನು ಹೇಳದೆ ಇರುವಂತಿರಲಿಲ್ಲ. ಎದ್ದು ನಿಂತೆ, ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ.

"ಆ ಮರ ನಿಲ್ಸಿದ್ದು ನಾನು."

ಮಾರ್ಲಿಸ್ ಮುಖದಿಂದ ಕೈ ತೆಗೆದು ನನ್ನನ್ನೇ ನೋಡಿದಳು. ಆ ನೋಟ ಇಂದಿಗೂ ಪೂರ್ತಿ ಮಾಸಿಲ್ಲ. ಕೊರಿನ್ ಮಾತ್ರ ನೋಡಲಿಲ್ಲ. ಕೆಂಪು ಹಿಡಿಯ ಮೇಲೆ ಬೆರಳಾಡಿಸುತ್ತ ಕೂತಿದ್ದಳು.

"ಗೊತ್ತು" ಎಂದಳು. "ತಿರುವಲ್ಲಿ ನಿಂತೆ. ಅಡ್ಡದಾರೀಲಿ ಒಂದೂ ಗಾಲಿ ಗುರುತಿರ್ಲಿಲ್ಲ, ಹೆದರಿಕೆ ಆಯ್ತು. ಮುಖ್ಯ ದಾರೀಲೇ ಹೋಗ್ಬಿಡೋಣ ಅಂತ ಗೇರು ಹಾಕಿದ್ದೆ. ಆಗ ಬುಡದಲ್ಲಿ ಕಾಫಿ ಕಲೆ ಕಾಣಿಸ್ತು. ವರ್ನಾ ನಿಲ್ಸಿದ ಮರ ಅಂದ್ಕೊಂಡೆ. ಇನ್ನೇನು ಯೋಚ್ನೆ ಅಂತ ತಿರುಗಿಸ್ದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅದಾಗಿ ಮೂರು ಚಳಿಗಾಲ ಕಳೆದಿವೆ. ಹಬ್ಬ ಈಗಲೂ ನಡೆಯುತ್ತದೆ, ಕೊರಿನ್ ತನ್ನ ಕಾರಿನಲ್ಲೇ ಬರುತ್ತಾಳೆ, ಮಂಜು ಹೇಗಿದೆ ಎಂದು ಮಾರ್ಲಿಸ್‌ಗೆ ತಾನೇ ಫೋನು ಮಾಡಿ ಕೇಳಿಕೊಂಡು ಬರುತ್ತಾಳೆ. ನನ್ನನ್ನು ಕೇಳುವುದಿಲ್ಲ. ಆ ದಿನ ನಾನು ತಂದಿದ್ದ ಪೊಟ್ಟಣ ಮಾರ್ಲಿಸ್‌ಳ ಕಪಾಟಿನ ಮೇಲೆ ಹಾಗೇ ಇದೆ, ಎರಡೂ ಕಡೆ ನನ್ನ ಹೆಸರು. ಪ್ರತಿ ವರ್ಷ ಊಟವಾದ ಮೇಲೆ ಕೊರಿನ್ ಅದನ್ನು ಇಳಿಸಿ ನನ್ನ ಮುಂದೆ ಇಡುತ್ತಾಳೆ, "ಬಿಚ್ಚೇ, ಯಾಕೆ ಸಲ್ಲಬೇಕು ಹೇಳು, ಕೇಳ್ತೀವಿ" ಎನ್ನುತ್ತಾಳೆ. ಇಬ್ಬರೂ ಚಪ್ಪಾಳೆಗೆ ಕೈ ಎತ್ತಿಕೊಂಡು ಕಾಯುತ್ತಾರೆ. ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.