ಹುಲ್ಲಿನ ಮುದುಕಿ ಬಂದ ಮಧ್ಯಾಹ್ನ

ಕಣಿವೆಯ ಎಲ್ಲ ಹೊಲಗಳೂ ಬೋಳಾಗಿದ್ದವು. ರಿಂಟೂಲ್ ಮನೆಯವರ ಮೇಲಿನ ಹೊಲದಲ್ಲಿ ಮಾತ್ರ ಎರಡು ಪಟ್ಟಿ ಓಟ್ಸ್ ಪೈರು ಇನ್ನೂ ನಿಂತಿತ್ತು. ಯಜಮಾನ ಗಿಲ್ಬರ್ಟನ ಅಂಗೈ ಕುಡುಗೋಲಿಗೆ ಸಿಕ್ಕಿ ಕೊಯ್ಲು ಹತ್ತು ದಿನ ಹಿಂದೆ ಬಿದ್ದಿತ್ತು. ಅವನ ಹಿಂದೆ ಹೆಂಡತಿ ಬೆಥಿಯಾ ಕೊಯ್ದ ಪೈರನ್ನು ಸಿವುಡು ಕಟ್ಟುತ್ತಾ ಬರುತ್ತಿದ್ದಳು. ಪಕ್ಕದ ಸಾಲಿನಲ್ಲಿದ್ದ ಮಗಳು ಗ್ರಿಸೆಲ್ ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ.

ಹಳ್ಳದ ಆಚೆ ಡ್ಯೂವರ್ ಮನೆಯವರ ಕೊಯ್ಲು ನಿನ್ನೆಯೇ ಮುಗಿದಿತ್ತು. ಕಣಿವೆಯ ಪದ್ಧತಿಯಂತೆ ಮೊದಲು ಮುಗಿಸಿದವರು ಕಡೆಯ ಸಿವುಡಿನಿಂದ ಒಂದು ಹುಲ್ಲಿನ ಮುದುಕಿಯ ಬೊಂಬೆ ಕಟ್ಟಿ, ಇನ್ನೂ ಕೊಯ್ಯುತ್ತಿರುವವರ ಹೊಲಕ್ಕೆ ಎಸೆದು ಓಡುತ್ತಾರೆ. ಸಿಕ್ಕಿಬಿದ್ದರೆ ಎಸೆದವನ ಕೋಟು ಚಿಂದಿಯಾಗುತ್ತದೆ. ಎಲ್ಲರಿಗಿಂತ ಹಿಂದೆ ಬಿದ್ದವರ ಮನೆಯಲ್ಲಿ ಮುದುಕಿ ಚಳಿಗಾಲವೆಲ್ಲ ಕೂರುತ್ತಾಳೆ, ಜೊತೆಗೆ ಊರವರ ನಗೆಯನ್ನೂ ಕರೆತರುತ್ತಾಳೆ.

ಇಪ್ಪತ್ತೆರಡು ವರ್ಷದ ಹಿಂದೆ, ಫ್ರಾನ್ಸಿನ ಮೇಲೆ ಯುದ್ಧ ನಡೆಯುತ್ತಿದ್ದಾಗ, ಬೆಥಿಯಾ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಲಾಕ್ಲನ್ ಡ್ಯೂವರ್ ಹೀಗೆ ಮುದುಕಿಯನ್ನು ಎಸೆದು ಹೋಗಿದ್ದ. ಮಾರನೆಯ ದಿನ ಮನೆಯಲ್ಲಿ ಹಾಲು ಕೊಡುತ್ತಿದ್ದ ಒಂದೇ ಹಸು ಹೊಟ್ಟೆಯುಬ್ಬಿ ಸತ್ತಿತು. ಮುದುಕಿಯ ಕಾಲ್ಗುಣ ಎಂದರು ಎಲ್ಲರೂ. ಬೆಥಿಯಾಳ ಮಾವ ಹಳ್ಳ ದಾಟುವ ಹಾಸುಗಲ್ಲುಗಳನ್ನು ಕಿತ್ತು ದಡಕ್ಕೆ ಎಸೆದ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ; ಚರ್ಚಿನಲ್ಲೂ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ.

ಇಂಥಾದ್ದರಲ್ಲಿ ಗ್ರಿಸೆಲ್ ಮನಸ್ಸು ಕೊಟ್ಟದ್ದು ಲಾಕ್ಲನ್‌ನ ಮಗ ನಿನಿಯನ್‌ಗೆ. ಕುರಿ ತೊಳೆಯುವ ದಿನ ಒಂದೇ ಮಡುವಿನಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಿಂತಾಗ ಶುರುವಾದದ್ದು. ಗಿಲ್ಬರ್ಟ್ ಬೈಯಲಿಲ್ಲ, ಹೊಡೆಯಲಿಲ್ಲ. ಈ ಸಲ ಆ ಮನೆಯಿಂದ ಮುದುಕಿ ಬಂದರೆ ಹುಡುಗನ ಹೆಸರು ಈ ಮನೆಯಲ್ಲಿ ಮತ್ತೆ ಕೇಳಿಬರಬಾರದು ಎಂದಷ್ಟೇ ಹೇಳಿದ್ದ. ಬೈಗುಳವಾದರೆ ಆರಿಹೋಗುತ್ತಿತ್ತು. ಗಿಲ್ಬರ್ಟ್ ಸಮಾಧಾನವಾಗಿ ಆಡಿದ ಮಾತು ಕಲ್ಲಿನ ಗೆರೆಯೆಂದು ಬೆಥಿಯಾಗೆ ಗೊತ್ತು.

ಮಧ್ಯಾಹ್ನ ಗ್ರಿಸೆಲ್ ಕೈಯಲ್ಲಿದ್ದ ಸಿವುಡು ಜಾರಿಬಿತ್ತು. ನಿನಿಯನ್ ಹಳ್ಳದಲ್ಲಿ ಮೊಳಕಾಲವರೆಗೆ ನೆನೆದುಕೊಂಡು ದಾಟಿ, ಮುದುಕಿಯನ್ನು ಹೆಗಲ ಮೇಲಿಟ್ಟುಕೊಂಡು ಹಾಡುಹಗಲೇ ನಡೆದು ಬರುತ್ತಿದ್ದ. ಹೊಲದ ಗೋಡೆಯ ಬಳಿ ನಿಂತ. ಎಸೆಯಲಿಲ್ಲ.

"ಎಸೆದು ಬಾ, ಆಮೇಲೆ ಹುಡುಗಿ ವಿಷ್ಯ ಮಾತಾಡೋಣ ಅಂದ್ರು ಅಪ್ಪ," ಎಂದ. "ಅಪ್ಪನ ಮಾತಿಗೆ ತಂದಿದೀನಿ. ಎಸೆದು ಓಡೋದು ಮಾತ್ರ ನನ್ನ ಕೈಲಾಗಲ್ಲ. ಕೋಟು ಕತ್ತರಿಸೋದಿದ್ರೆ ಕತ್ತರಿಸಿ, ಯಜಮಾನ್ರೇ. ಹೇಗೂ ಹಳೇದು."

ಗಿಲ್ಬರ್ಟ್ ನಗಲಿಲ್ಲ. "ತಂದ್ಯಲ್ಲ, ಅಷ್ಟೇ ಸಾಕು. ನೀನಿನ್ನು ಹೊರಡು. ಆ ಮುದುಕಿ ಬಂದ ಮನೇಲಿ ಹಸು ಉಳಿಯಲ್ಲ."

ಗ್ರಿಸೆಲ್ ಬಗ್ಗಿ ಸಿವುಡನ್ನು ಎತ್ತಿಕೊಂಡಳು. ಅಳಲಿಲ್ಲ. ಮಗು ಅತ್ತರೆ ಎದೆಗವುಚಿಕೊಳ್ಳಬಹುದು. ಅಳು ನುಂಗುವ ಇಪ್ಪತ್ತರ ಮಗಳನ್ನು ಏನು ಮಾಡುವುದು? ಬೆಥಿಯಾ ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ಹಸು ಸತ್ತಿದ್ದು ಮುದುಕಿಯಿಂದಲ್ಲ," ಎಂದಳು. "ನನ್ನಿಂದ."

ಗಿಲ್ಬರ್ಟ್ ತಿರುಗಿದ.

"ಅವತ್ತು ಬೆಳಿಗ್ಗೆ ಇಬ್ಬನಿ ಆರೋ ಮೊದಲೇ ಅದನ್ನ ಕ್ಲೋವರ್ ಹುಲ್ಲಿಗೆ ಬಿಟ್ಟಿದ್ದೆ. ಒದ್ದೆ ಕ್ಲೋವರ್ ಮೇಯ್ದ್ರೆ ಹೊಟ್ಟೆ ಉಬ್ಬುತ್ತೆ ಅಂತ ನನಗೇನು ಗೊತ್ತು? ನಮ್ಮಪ್ಪನ ಮನೇಲಿ ಆ ಹುಲ್ಲೇ ಇರ್ಲಿಲ್ಲ. ಹೊಸ ಸೊಸೆ. ಎಲ್ರೂ ಮುದುಕಿ ಅಂದ್ರು, ನಾನೂ ಸುಮ್ಮನಾದೆ."

"ಇಪ್ಪತ್ತೆರಡು ವರ್ಷ?"

"ಹೂಂ. ಮೊದಲು ನಿಮ್ಮಪ್ಪನಿಗೆ ಹೆದರಿ. ಆಮೇಲೆ ಸುಮ್ಮನಿದ್ದೆನಲ್ಲ, ಆ ನಾಚಿಕೆಗೆ."

ಅವಳು ಗೋಡೆಯ ಬಳಿ ಹೋಗಿ ಎರಡೂ ಕೈ ಚಾಚಿ ಮುದುಕಿಯನ್ನು ಇಳಿಸಿಕೊಂಡಳು. ತನ್ನ ಶಾಲನ್ನು ಬಿಚ್ಚಿ ಅದರ ಹುಲ್ಲಿನ ಹೆಗಲಿಗೆ ಹೊದಿಸಿದಳು. ಬಾಗಿಲಿಗೆ ಬಂದ ಹೆಂಗಸನ್ನು ತಾನು ಹೊರಗೆ ನಿಲ್ಲಿಸುವವಳಲ್ಲ, ಒಲೆಯ ಪಕ್ಕ ಜಾಗ ಬೇಕಾದಷ್ಟಿದೆ ಎಂದು ಹೇಳಿ ಮನೆಯ ಕಡೆ ನಡೆದಳು.

ಹೊಸ್ತಿಲಲ್ಲಿ ತಿರುಗಿ ನೋಡಿದಾಗ ಗಿಲ್ಬರ್ಟ್ ಗೋಡೆಯ ಮೇಲೆ ಕುಳಿತು ತನ್ನ ಅಂಗೈಯ ಗಾಯವನ್ನು ನೋಡಿಕೊಳ್ಳುತ್ತಿದ್ದ. ಬಹಳ ಹೊತ್ತಾದ ಮೇಲೆ ಕುಡುಗೋಲಿನ ಅಲಗನ್ನು ತನ್ನ ಕಡೆ ಹಿಡಿದು, ಹಿಡಿಯನ್ನು ಹುಡುಗನ ಕಡೆ ಚಾಚಿದ. ಕತ್ತಲಾಗುವ ಮುನ್ನ ಎರಡು ಪಟ್ಟಿಯೂ ಮುಗಿಯಿತು. ನಿನಿಯನ್ ಕೊಯ್ದ, ಗ್ರಿಸೆಲ್ ಕಟ್ಟಿದಳು.

ಮೂರು ದಿನ ಗಿಲ್ಬರ್ಟ್ ಹೆಂಡತಿಯ ಜೊತೆ ಮಾತಾಡಲಿಲ್ಲ. ಬೆಥಿಯಾ ಅವನ ತಟ್ಟೆಗೆ ಗಂಜಿ ಬಡಿಸಿದಳು, ಗಾಯದ ಬಟ್ಟೆ ಬದಲಿಸಿದಳು, ಕಾದಳು. ನಾಲ್ಕನೆಯ ಬೆಳಿಗ್ಗೆ ಅವನು ಒಲೆಯ ಪಕ್ಕದ ಮುದುಕಿಯನ್ನು ಒಮ್ಮೆ ನೋಡಿ, ಹಾರೆ ತೆಗೆದುಕೊಂಡು ಹಳ್ಳಕ್ಕೆ ಇಳಿದ. ರೊಟ್ಟಿ ತಟ್ಟುತ್ತಿದ್ದ ಬೆಥಿಯಾಗೆ, ಮಾವ ಕಿತ್ತೆಸೆದಿದ್ದ ಹಾಸುಗಲ್ಲುಗಳು ಒಂದೊಂದಾಗಿ ನೀರಿಗೆ ಬೀಳುವ ಸದ್ದು ಕೇಳಿಸಿತು. ಆಮೇಲೆ ಆಚೆ ದಡದಿಂದ ಲಾಕ್ಲನ್‌ನ ಒರಟು ದನಿ.

"ಆ ಎರಡನೇ ಕಲ್ಲು ಅಲ್ಲಾಡುತ್ತೆ ಕಣಯ್ಯಾ."

ಹಾರೆ ಕಲ್ಲಿಗೆ ಬಡಿದ ಸದ್ದಾಯಿತು.

"ನಿಂತ್ಕೊಂಡು ಬುದ್ಧಿ ಹೇಳ್ಬೇಡ," ಎಂದ ಗಿಲ್ಬರ್ಟ್. "ಇಳಿದು ಹಿಡ್ಕೋ."

ಬೆಥಿಯಾ ಹಿಟ್ಟಿನ ಡಬ್ಬಕ್ಕೆ ಕೈಹಾಕಿ ಇನ್ನೊಂದು ಹಿಡಿ ತೆಗೆದು ಕಲಸತೊಡಗಿದಳು.