ಬೆಂಚಿನ ಎತ್ತರ

ಹಲ್ಲಣ್ಣನಿಗೆ ಹುಚ್ಚು ಹಿಡಿದಿದೆ ಎಂದು ಅವನ ಹೆಂಡತಿ ಸಿಕ್ಕಸಿಕ್ಕವರ ಹತ್ತಿರ ಹೇಳುತ್ತಿದ್ದಳು. ಅದರಲ್ಲಿ ಅರ್ಧ ಬೈಗುಳ, ಅರ್ಧ ಹೆಮ್ಮೆ. ಮೂರು ವರ್ಷದಿಂದ ಆ ಮನುಷ್ಯ ಮನೆಯ ಹಿಂದಿನ ಕೋಣೆಯಲ್ಲಿ ಒಂದು ರೈಲ್ವೆ ಸ್ಟೇಷನ್ ಕಟ್ಟುತ್ತಿದ್ದ. ದೊಡ್ಡದೇನಲ್ಲ ಸ್ವಾಮಿ, ಎರಡು ಬಾಗಿಲುಗಳನ್ನು ಪಕ್ಕಪಕ್ಕ ಮಲಗಿಸಿದಷ್ಟು ಹಲಗೆಯ ಮೇಲೆ ಕೂರುವಂಥದ್ದು. ಸುತ್ತಿ ಬರುವ ಹಳಿ, ಅಂಗೈಯುದ್ದದ ಎಂಜಿನ್, ಮೂರು ಬೋಗಿ, ಒಂದು ಪ್ಲಾಟ್‌ಫಾರ್ಮು, ಹೆಂಚಿನ ಕಟ್ಟಡ, ನೀರಿನ ಟ್ಯಾಂಕು, ಒಂದು ಬೆಂಚು. ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲು.

ಕಟ್ಟುಹಲ್ಲು ಮಾಡುವುದು ಅವನ ಕಸುಬು, ಅದಕ್ಕೇ ಓಣಿಯವರಿಗೆಲ್ಲ ಅವನು ಹಲ್ಲಣ್ಣ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಇವನು ಸೆಟ್ಟು ಮಾಡಿ ಕಳಿಸುತ್ತಾನೆ. ಹಾಗಾಗಿ ಸ್ಟೇಷನ್ನಿನ ಅರ್ಧ ಸಾಮಾನು ಯಾರ್ಯಾರದೋ ಬಾಯಿಗೆ ಹೋಗಬೇಕಾಗಿದ್ದದ್ದು. ಹಳಿಯ ಕೆಳಗಿನ ಜಲ್ಲಿ ಎಂದರೆ ಒಡೆದ ಅಚ್ಚುಗಳ ಪುಡಿ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಅದೇ ಚಹಾದಲ್ಲಿ ನೆನೆಸಿ ಬಣ್ಣ ಬರಿಸಿದ್ದ. ಸಿಗ್ನಲ್ಲಿಗೆ ಸೊಟ್ಟ ಹಲ್ಲು ನೆಟ್ಟಗೆ ಮಾಡುವ ತಂತಿ. ಹೆಂಚುಗಳೆಲ್ಲ ವಸಡು ಮಾಡುವ ಗುಲಾಬಿ ಪದಾರ್ಥದ್ದು, ಮೇಲೆ ಕೆಂಪು ಬಳಿದು ಒಂದೊಂದನ್ನೂ ಬೇರೆ ಬೇರೆ ಗೀರಿದ್ದ. "ಆ ಕಟ್ಟಡ ಯಾಕೋ ಹಲ್ಲು ಕಿರೀತಿರೋ ಹಾಗಿದೆ, ಯಾರದಾದ್ರೂ ದವಡೆ ಸೇರಿಸಿಬಿಟ್ಟಿದೀರಾ ನೋಡಿ" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಅದು ಅವನಪ್ಪ ಮಾಸ್ತರನಾಗಿದ್ದ ಸ್ಟೇಷನ್. ಈಗ ಅಲ್ಲಿ ಏನೂ ಇಲ್ಲ. ಆ ಮಾರ್ಗವನ್ನೇ ಮುಚ್ಚಿ, ಹಳಿ ಕಿತ್ತು, ಕಟ್ಟಡ ಕೆಡವಿ ಎಷ್ಟೋ ಕಾಲವಾಯಿತು. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಹಳಿ, ಎಂಜಿನ್, ಬೋಗಿಗಳ ಅಳತೆ ಹಳೆಯ ಪುಸ್ತಕಗಳಲ್ಲಿ ಸಿಕ್ಕಿತು. ಮಿಕ್ಕಿದ್ದನ್ನೆಲ್ಲ ಹಲ್ಲಣ್ಣ ಕಣ್ಣು ಮುಚ್ಚಿಕೊಂಡು ನೆನಪಿಸಿಕೊಂಡು ಕಟ್ಟಿದ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಉಪದ್ವ್ಯಾಪ ಆ ಒಂದು ಬೆಂಚಿಗಾಗಿ. ಅವನಿಗೆ ಐದು ವರ್ಷವಾಗಿದ್ದಾಗ ಅಮ್ಮ ದೊಡ್ಡಾಸ್ಪತ್ರೆಗೆಂದು ರೈಲು ಹತ್ತಿ ಹೋದವಳು ವಾಪಸು ಬರಲಿಲ್ಲ. ಅವಳ ಫೋಟೋ ಇಲ್ಲ. ಮುಖ ನೆನಪಿಲ್ಲ, ದನಿ ನೆನಪಿಲ್ಲ. ನೆನಪಿರುವುದು ಎರಡು ಪಾದ ಮಾತ್ರ. ಮಧ್ಯಾಹ್ನದ ಹೊತ್ತು ಬೆಂಚಿನ ಕೆಳಗೆ ತಣ್ಣಗಿನ ಕಲ್ಲಿನ ಮೇಲೆ ಅವನು ಅಂಗಾತ ಮಲಗಿರುತ್ತಿದ್ದ. ಮೇಲೆ ಅಮ್ಮ ಕೂತಿರುತ್ತಿದ್ದಳು. ಒಂದು ಪಾದದ ಹೆಬ್ಬೆರಳು ಇನ್ನೊಂದು ಪಾದವನ್ನು ಮೆಲ್ಲಗೆ ಕೆರೆಯುತ್ತಿತ್ತು. ತಾಯಿ ಎಂದರೆ ಅವನಿಗೆ ಅಷ್ಟೇ. ಐವತ್ತಾರರ ಗಂಡಸು, ಮೊಮ್ಮಗಳನ್ನು ಕಂಡವನು, ಆ ಎರಡು ಪಾದ ನೆನೆದು ಈಗಲೂ ಕೆಲವೊಮ್ಮೆ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ಮನೆ ಕೂತುಬಿಡುತ್ತಿದ್ದ.

ಈ ಪುಟಾಣಿ ಅಳತೆಯಲ್ಲಿ ಮನುಷ್ಯರ ತಲೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಿರುತ್ತದೆ, ಅಷ್ಟೇ. ಕಣ್ಣು ಮೂಗು ಬರೆಯುವ ಪ್ರಶ್ನೆಯೇ ಇಲ್ಲ. ಹಲ್ಲಣ್ಣ ಅದಕ್ಕೇ ಈ ಅಳತೆ ಹಿಡಿದದ್ದು. ಮುಖ ಗೊತ್ತಿಲ್ಲದಿದ್ದರೂ ಅಮ್ಮನನ್ನು ಆ ಬೆಂಚಿನ ಮೇಲೆ ಕೂರಿಸಬಹುದು. ಅದೊಂದಾದರೆ ಸಾಕು, ಇನ್ನೇನೂ ಬೇಡ ಎಂದುಕೊಂಡಿದ್ದ.

ಆದರೆ ಕೂರಿಸಲು ಹೋದರೆ ಅಮ್ಮ ಕೂರಲೊಲ್ಲಳು. ಅಂಗಡಿಯಿಂದ ತಂದ ಗೊಂಬೆ ಹೆಂಗಸನ್ನು ಬೆಂಚಿನ ಮೇಲಿಟ್ಟರೆ ಕಾಲು ಗಾಳಿಯಲ್ಲಿ ಜೋತಾಡಿತು. ಅಮ್ಮನ ಪಾದ ನೆಲಕ್ಕೆ ತಾಗುತ್ತಿತ್ತಲ್ಲ, ಕಣ್ಣಾರೆ ಕಂಡವನು ಅವನು! ಗೊಂಬೆ ಮಾಡುವವರಿಗೆ ಬುದ್ಧಿಯಿಲ್ಲ ಎಂದು ಬೈದು ಕಾಲು ಉದ್ದ ಮಾಡಿದ. ಕೊಕ್ಕರೆಯಾಯಿತು. ಕಿತ್ತೆಸೆದು, ವಸಡಿನ ಪದಾರ್ಥದಲ್ಲೇ ಇಡೀ ಆಕೃತಿಯನ್ನು ಹೊಸದಾಗಿ ಕೆತ್ತಿದ. ಎರಡು ಸಲ ಕೆಟ್ಟು, ಮೂರನೆಯದು ಸರಿಯಾಯಿತು. ಕೈಕಾಲು, ಬೆನ್ನು, ಹೊದ್ದ ಶಾಲು, ಒಂದಕ್ಕೊಂದು ಹೊಂದುವ ಹಾಗೆ. ಪಾದ ನೆಲಕ್ಕೆ ತಾಗಿತು. ಅವತ್ತು ಹೆಂಡತಿ ಬಗ್ಗಿ ನೋಡಿ, "ಅತ್ತೆ ಎದ್ದು ನಿಂತ್ರೆ ಸ್ಟೇಷನ್ನಿನ ಸೂರಿಗೆ ತಲೆ ಹೊಡೆಯುತ್ತೆ ಕಣ್ರೀ" ಎಂದಳು. ಅವನು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದ.

ಇದು ಸರಿಯೇ ಎಂದು ಹೇಳಬಲ್ಲವರು ಭೂಮಿಯ ಮೇಲೆ ಒಬ್ಬರೇ. ಅವನ ಅಕ್ಕ. ಅವನಿಗಿಂತ ಆರು ವರ್ಷ ದೊಡ್ಡವಳು, ಅವನನ್ನು ಸಾಕಿದವಳು, ಗಣಿತ ಪಾಠ ಹೇಳಿ ನಿವೃತ್ತಳಾದವಳು. ದೂರದ ಊರಿನಲ್ಲಿದ್ದಳು. ಆ ಸ್ಟೇಷನ್ನಿನ ಮಾತೆತ್ತಿದರೆ ಮಾತ್ರ ಬಾಯಿಗೆ ಬೀಗ. ಹಲ್ಲಣ್ಣ ಅಮ್ಮನ ಪಾದದ ವಿಷಯ ಶುರುಮಾಡಿದನೆಂದರೆ ಅಕ್ಕನಿಗೆ ಒಳಗೆಲ್ಲೋ ಕೆಲಸ ನೆನಪಾಗುತ್ತಿತ್ತು. ಕಣ್ಣು ತೋರಿಸಿಕೊಳ್ಳಲು ಈ ಊರಿಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ಮೊದಲು ನಿಮ್ಮ ಮನೆಗೆ ಬಂದು ಹೋಗುತ್ತೇನೆ ಎಂದು ಅವಳು ಫೋನ್ ಮಾಡಿದಾಗ ಅವನು ವಾರವಿಡೀ ಜಲ್ಲಿಯನ್ನು ಬ್ರಷ್ಷಿನಿಂದ ಗುಡಿಸಿದ. ಅಕ್ಕ ಒಂದು ಸಲ ಹೂಂ ಅಂದುಬಿಡಲಿ ಎಂದು ಜೀವ ಹಿಡಿದುಕೊಂಡಿದ್ದ.

ಅಕ್ಕ ಬಂದಳು. ಊಟವಾಯಿತು, ಕಣ್ಣಿನ ಡಾಕ್ಟರನ್ನು ಬೈದದ್ದೂ ಆಯಿತು. ಆಮೇಲೆ ಹಿಂದಿನ ಕೋಣೆಗೆ ಕರೆದೊಯ್ದ. ಅವಳು ಕನ್ನಡಕ ಮೇಲೇರಿಸಿ ಹಲಗೆಯ ಸುತ್ತ ಒಂದು ಸುತ್ತು ಬಂದಳು. ನೀರಿನ ಟ್ಯಾಂಕಿನ ಹತ್ತಿರ ನಿಂತಳು. "ಇದರ ಕೆಳಗೆ ಪಾಚಿ ಕಟ್ಟಿರ್ತಿತ್ತು" ಎಂದಳು.

"ಹಾಕಿದೀನಿ ನೋಡು, ಹಸಿರು."

"ಹೂಂ ಕಣೋ ಪುಟ್ಟಾ. ಹಾಕಿದೀಯ." ಅವಳ ದನಿ ಮೆತ್ತಗಾಗಿತ್ತು. ಅಷ್ಟರಲ್ಲಿ ಅಕ್ಕ ಬೆಂಚಿನ ಹತ್ತಿರ ಬಂದಳು. "ಅಯ್ಯೋ, ಯಾರೋ ಈ ರಾಕ್ಷಸಿ?"

"ಅಮ್ಮ" ಎಂದ ಅವನು.

ಅಕ್ಕ ಮೇಜಿನ ಮೇಲಿದ್ದ ಉಕ್ಕಿನ ಸ್ಕೇಲು ತೆಗೆದುಕೊಂಡು ಬೆಂಚಿನ ಪಕ್ಕ ನೆಟ್ಟಗೆ ಹಿಡಿದಳು. ಮೂವತ್ತೈದು ವರ್ಷ ಮಕ್ಕಳ ತಪ್ಪು ಲೆಕ್ಕಕ್ಕೆ ಕೆಂಪು ಗೀಟು ಎಳೆದ ಕೈ ಅದು, ಸುಮ್ಮನಿದ್ದೀತೇ? "ಹತ್ತು ಮಿಲಿಮೀಟರು. ಎಂಬತ್ತೇಳರಿಂದ ಗುಣಿಸು. ಎಂಬತ್ತೇಳು ಸೆಂಟಿಮೀಟರ್ ಎತ್ತರದ ಬೆಂಚೇನೋ? ಇದರ ಮೇಲೆ ಕೂರೋಕೆ ಏಣಿ ಬೇಕು. ಬೆಂಚು ಅಂದ್ರೆ ಇದರ ಅರ್ಧ ಇರುತ್ತೆ. ನೀನು ಆಗ ಗೇಣುದ್ದ ಇದ್ದೆ, ನಿನಗೆ ಹಾಗೆ ಕಂಡಿದೆ. ಹಾಗೇ ಕಟ್ಟಿಬಿಟ್ಟಿದೀಯ."

ಹಲ್ಲಣ್ಣ ಪಿಳಿಪಿಳಿ ನೋಡಿದ. ದಿನಾ ಕೂದಲೆಳೆಯಷ್ಟು ತಪ್ಪಿಗೂ ಸೆಟ್ಟು ವಾಪಸು ತೆಗೆದುಕೊಳ್ಳುವ ಮನುಷ್ಯ ಆ ಒಂದು ಬೆಂಚಿಗೆ ಮಾತ್ರ ಸ್ಕೇಲು ಹಿಡಿದಿರಲಿಲ್ಲ. ಹಿಡಿಯಬೇಕೆಂದು ಅವನಿಗೆ ತೋಚಿರಲೇ ಇಲ್ಲ.

"ಅಮ್ಮ ಗಿಡ್ಡ ಇದ್ದಳು ಕಣೋ" ಎಂದಳು ಅಕ್ಕ. "ಈಗ ಇದ್ದಿದ್ರೆ ನನ್ನ ಭುಜಕ್ಕೆ ಬರ್ತಿದ್ದಳು."

ಅಮ್ಮ ಗಿಡ್ಡ. ಐವತ್ತೊಂದು ವರ್ಷದ ಮೇಲೆ ಅಮ್ಮನ ಬಗ್ಗೆ ಅವನಿಗೆ ತಿಳಿದ ಹೊಸ ಸಂಗತಿ ಇದು. ಅವನಿಗೆ ಖುಷಿಯೂ ಆಯಿತು, ಸಂಕಟವೂ ಆಯಿತು. "ಆಗಲಿ, ಬೆಂಚು ಕತ್ತರಿಸ್ತೀನಿ. ಅಮ್ಮನ್ನ ಚಿಕ್ಕದಾಗಿ ಮಾಡ್ತೀನಿ. ಪಾದ ನೆಲಕ್ಕೆ ತಾಗಿದ್ರೆ ಆಯ್ತು. ಹೆಬ್ಬೆರಳಲ್ಲಿ ಕೆರ್ಕೋತಿದ್ದಳಲ್ಲ, ಅದು ಮಾತ್ರ..."

"ಬೇಡ ಬಿಡೋ ಪುಟ್ಟಾ."

"ಯಾಕೆ ಬೇಡ?"

"ಬೇಡ ಅಂದ್ನಲ್ಲ!" ಅಕ್ಕ ಸ್ಕೇಲನ್ನು ಮೇಜಿನ ಮೇಲೆ ಬಿಸಾಕಿದಳು. "ಅಮ್ಮ ಒಂದು ದಿನಾನೂ ಆ ಬೆಂಚಿನ ಮೇಲೆ ಕೂತೋಳಲ್ಲ. ಅವಳಿಗೆ ಕೂರೋಕೆ ಪುರುಸೊತ್ತು ಎಲ್ಲಿತ್ತು? ಅದು ನಾನು ಕಣೋ. ಆ ಪಾದ ನಂದು."

"ಸುಳ್ಳು" ಎಂದ ಹಲ್ಲಣ್ಣ. ಐದು ವರ್ಷದ ಹುಡುಗನ ಹಾಗೆ ಅಂದ.

ಅಕ್ಕ ಅಲ್ಲಿದ್ದ ಎತ್ತರದ ಸ್ಟೂಲಿಗೆ ಒರಗಿ ನಿಂತು ಹೇಳಿದಳು. ಅಮ್ಮ ಹೋದದ್ದು ಬೆಳಗಿನ ಗಾಡಿಗೆ. ಪುಟ್ಟನನ್ನು ಎಬ್ಬಿಸಬೇಡ, ಎದ್ದರೆ ಹಿಂದೆ ಬರುತ್ತಾನೆ ಎಂದು ಹೇಳಿ ಹೋದಳು. ಎದ್ದವನು ಅಮ್ಮ ಎಲ್ಲಿ ಎಂದು ರಂಪ ಮಾಡಿದಾಗ ಹನ್ನೊಂದು ವರ್ಷದ ಹುಡುಗಿಗೆ ಏನು ತೋಚೀತು? ಮಧ್ಯಾಹ್ನದ ಗಾಡಿಗೆ ಬರ್ತಾಳೆ ಎಂದಳು. ಅವತ್ತಿನಿಂದ ಇವನು ದಿನಾ ಮಧ್ಯಾಹ್ನ ಬೆಂಚು ಬಿಟ್ಟು ಏಳಲೊಲ್ಲ. ಬಿಸಿಲೆಂದು ಕೆಳಗೆ ಮಲಗುತ್ತಿದ್ದ. ಇವನು ಹಳಿಗೆ ಇಳಿದಾನೆಂದು ಅವಳು ಮೇಲೆ ಕೂತು ಕಾಯುತ್ತಿದ್ದಳು.

"ಇಪ್ಪತ್ತು ದಿನಕ್ಕೆ ಆಸ್ಪತ್ರೆಯಿಂದ ತಂತಿ ಬಂತು" ಎಂದಳು. "ಅಪ್ಪ ನನಗೆ ಹೇಳಿದ. ನಿನಗೆ ಹೇಳೋಕೆ ಅಪ್ಪನಿಗೂ ಬಾಯಿ ಬರ್ಲಿಲ್ಲ, ನನಗೂ ಬರ್ಲಿಲ್ಲ. ಮಳೆ ಹಿಡಿಯೋವರೆಗೂ ಹಾಗೇ ಕೂತಿದ್ವಿ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲೋ? ನಿನ್ನ ಹತ್ರ ಇದ್ದಿದ್ದೇ ಅಷ್ಟು. ಅದನ್ನೂ ಕಿತ್ಕೊಳ್ಳೋದಾ?" ಅಕ್ಕ ಕನ್ನಡಕ ತೆಗೆದು ಒರೆಸಿದಳು. "ಆದ್ರೆ ಇವತ್ತು ತಡೀಲಾಗ್ಲಿಲ್ಲ. ಯಾವಾಗ ನೋಡಿದ್ರೂ ಅಮ್ಮನ ಪಾದ, ಅಮ್ಮನ ಪಾದ. ಹೋದದ್ದು ನನಗೂ ಅಮ್ಮನೇ ಅಲ್ವೇನೋ."

ಹಲ್ಲಣ್ಣನಿಗೆ ಮೊದಲು ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಲಿ. ಇದ್ದ ಒಂದೇ ಒಂದನ್ನು ಇವಳು ಬಂದು ಅರ್ಧ ಗಂಟೆಯಲ್ಲಿ ಒರೆಸಿಹಾಕಿದಳಲ್ಲ ಎಂದು ಉರಿದುಹೋಯಿತು. ಮತ್ತೆ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬೆಂಚಿನ ಕೆಳಗೆ ಹೋಗಿ ಮಲಗಿದ. ಪಾದಗಳು ಅಲ್ಲೇ ಇದ್ದವು. ನೋಡಿದರೆ ಚಿಕ್ಕ ಪಾದಗಳು. ಹಿಮ್ಮಡಿ ಎತ್ತಿಕೊಂಡಿತ್ತು, ನೆಲಕ್ಕೆ ತಾಗಿದ್ದು ಬೆರಳು ಮಾತ್ರ. ದೊಡ್ಡವಳಾಗಿದ್ದರೆ ಅಂಗಾಲು ಪೂರ್ತಿ ಊರಿರುತ್ತಿತ್ತು. ಇಷ್ಟು ವರ್ಷ ಇದನ್ನು ನೋಡುತ್ತಲೇ ಇದ್ದನಲ್ಲ! ಅಮ್ಮ ಇನ್ನೊಂದು ಸಲ ಹೋದಳು ಎಂದು ಅವನಿಗೆ ಅನ್ನಿಸಿತು, ಈ ಸಲ ಎಚ್ಚರವಿದ್ದಾಗಲೇ. ಅವನು ಅಳುತ್ತಿದ್ದ. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟು ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಅವನು ಮೂಗೊರೆಸಿಕೊಂಡು ಚಿಮಟ ತೆಗೆದುಕೊಂಡ. ಅಳತೆಯ ಲೆಕ್ಕದಲ್ಲಿ ಹತ್ತಡಿಯಾಗುತ್ತಿದ್ದ ಹೆಂಗಸನ್ನು ಬುಡದಿಂದ ಅಲುಗಿಸಿ ಬಿಡಿಸಿ, ಹತ್ತಿಯಲ್ಲಿ ಸುತ್ತಿ ಡ್ರಾಯರಿನಲ್ಲಿ ಮಲಗಿಸಿದ. ಬೆಂಚನ್ನು ಕಿತ್ತು, ಸಣ್ಣ ಗರಗಸದಲ್ಲಿ ಕಾಲುಗಳನ್ನು ಐದು ಮಿಲಿಮೀಟರಿಗೆ ಕೊಯ್ದು, ಅರದಿಂದ ನಯ ಮಾಡಿ, ಅದೇ ಜಾಗದಲ್ಲಿ ಅಂಟಿಸಿದ. ಆಮೇಲೆ ಗುಲಾಬಿ ಪದಾರ್ಥದ ಒಂದು ಚೂರು ಮುರಿದುಕೊಂಡು ದೀಪವನ್ನು ಹತ್ತಿರ ಎಳೆದುಕೊಂಡು ಕೂತ.

"ಅಮ್ಮನ್ನ ಎಲ್ಲಿ ಕೂರಿಸ್ತೀಯ?" ಎಂದು ಅಕ್ಕ ಕೇಳಿದಳು.

"ಅಮ್ಮ ಆಮೇಲೆ. ಮೊದಲು ನೀನು. ನಿನ್ನ ಬಸ್ಸು ಎಷ್ಟೊತ್ತಿಗೆ?"

"ಬಸ್ಸು ಹಾಳಾಗ್ಲಿ. ನಾಳೆ ಹೋದ್ರಾಯ್ತು."

"ಆಗ ಯಾವ ಬಣ್ಣದ ಬಟ್ಟೆ ಹಾಕ್ಕೋತಿದ್ದೆ?"

ಅರುವತ್ತೆರಡು ವರ್ಷದಲ್ಲಿ ಇದನ್ನು ಅಕ್ಕನ ಹತ್ತಿರ ಯಾರೂ ಕೇಳಿರಲಿಲ್ಲ. "ನೀಲಿ" ಎಂದಳು. "ಒಂದೇ ಇದ್ದಿದ್ದು. ನೀಲಿ."

"ಕೂತು ತೋರಿಸು. ಕೆಳಗಿನಿಂದ ನನಗೆ ಪಾದ ಬಿಟ್ಟು ಏನೂ ಕಾಣ್ತಿರ್ಲಿಲ್ಲ."

ಅಕ್ಕ ಸ್ಟೂಲಿನ ಮೇಲೆ ಕೂತಳು. ಎರಡೂ ಕೈಗಳನ್ನು ಪಕ್ಕದಲ್ಲಿ ಊರಿದಳು, ಬೆನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದಳು. ಆಮೇಲೆ ಕುತ್ತಿಗೆಯನ್ನು ಬಲಕ್ಕೆ ತಿರುಗಿಸಿ ದೂರಕ್ಕೆ ದಿಟ್ಟಿಸಿದಳು.

"ಆ ಕಡೆ ಯಾಕೆ?"

"ಗಾಡಿ ಬರ್ತಿದ್ದದ್ದು ಆ ಕಡೆಯಿಂದ."

"ತಂತಿ ಬಂದ ಮೇಲೂ ನೋಡ್ತಿದ್ದೆಯಾ?"

"ದಿನಾ ನೋಡ್ತಿದ್ದೆ" ಎಂದಳು ಅಕ್ಕ. ಕುತ್ತಿಗೆ ತಿರುಗಿಸಲಿಲ್ಲ. ಹಲ್ಲಣ್ಣ ಅವಳ ಮುಖವನ್ನು ನೋಡುತ್ತ ಕೆತ್ತತೊಡಗಿದ.